ಬಸ್ ನಿಲ್ದಾಣದ ಹೋಟೆಲಿನ ಕಥೆ ಬರೆದವರಿಗೆ

ಹಾಸನ

ಪ್ರಿಯ ಮಿತ್ರರೇ,

ನಮಸ್ಕಾರ. ನಿಮ್ಮ ಕಥೆ ಕೈಸೇರಿ ಮೂರು ವಾರಗಳಾದವು. ಉತ್ತರ ತಡವಾದದ್ದಕ್ಕೆ ಕಣ್ಣಿನ ಪೊರೆ ತೆಗೆಸಿಕೊಂಡದ್ದು ಒಂದು ಕಾರಣವಾದರೆ, ಕಥೆ ಓದಿದ ಮೇಲೆ ಅದು ನಡೆಯುವಂಥದೇ ಒಂದು ಹೋಟೆಲಿಗೆ ನಾನು ನಾಲ್ಕು ದಿನ ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಕುಳಿತು ಬಂದದ್ದು ಇನ್ನೊಂದು ಕಾರಣ. ನಿಮ್ಮ ಹೋಟೆಲಿಗೆ ನೀವು ಹೆಸರಿಟ್ಟಿಲ್ಲ, ಹಾಸನದ ಬಸ್ ನಿಲ್ದಾಣದ ಹತ್ತಿರ ಎಂದಷ್ಟೇ ಹೇಳಿದ್ದೀರಿ. ಅದು ಒಳ್ಳೆಯದೇ ಆಯಿತು. ಅಂಥ ಹೋಟೆಲುಗಳು ನಮ್ಮ ಊರಿನಲ್ಲಿ ಒಂದೆರಡಲ್ಲ, ಯಾವುದರಲ್ಲಿ ಕುಳಿತರೂ ನಾನು ಹೇಳಬೇಕಾದ ಮಾತು ಅದೇ.

ಮೆಚ್ಚುಗೆಯ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ನಿಮ್ಮ ವಾಕ್ಯಗಳು ಸ್ವಚ್ಛವಾಗಿವೆ, ಕಾಗುಣಿತದ ತಪ್ಪಿಲ್ಲ, ಮಳೆಗಾಲದ ಬೆಳಿಗ್ಗೆ ಒದ್ದೆ ಕೊಡೆಗಳನ್ನೆಲ್ಲ ಬಾಗಿಲ ಪಕ್ಕದ ಬಕೆಟ್ಟಿನಲ್ಲಿ ನಿಲ್ಲಿಸಿದ ಚಿತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಇನ್ನು ಆಕ್ಷೇಪ. ಹನ್ನೊಂದು ಪುಟಗಳ ಕಥೆ ಮೊದಲಿನಿಂದ ಕೊನೆಯವರೆಗೆ ಹೋಟೆಲಿನೊಳಗೇ ನಡೆಯುತ್ತದೆ. ಆದರೆ ಆ ಹನ್ನೊಂದು ಪುಟಗಳಲ್ಲಿ ಒಬ್ಬರೂ ಒಂದು ತುತ್ತು ನುಂಗುವುದಿಲ್ಲ. ಗಿರಾಕಿಗಳು ಬರುತ್ತಾರೆ, ಯೋಚಿಸುತ್ತಾರೆ, ಗದರುತ್ತಾರೆ, ಎದ್ದು ಹೋಗುತ್ತಾರೆ. ಸಪ್ಲೈಯರ್ ಹುಡುಗನ ಕಣ್ಣು ದಣಿದಿದೆ ಎಂದು ನೀವು ಮೂರು ಕಡೆ ಹೇಳಿದ್ದೀರಿ, ಅವನು ತಟ್ಟೆಗಳನ್ನು ಯಾವ ಕೈಯಲ್ಲಿ ಹೊತ್ತು ತರುತ್ತಾನೆ ಎಂದು ಒಂದು ಕಡೆಯೂ ಹೇಳಿಲ್ಲ. ನನಗೆ ಅನುಮಾನ, ನೀವು ಆ ಹೋಟೆಲಿಗೆ ಹೋಗಿದ್ದೀರಿ, ಆದರೆ ಹೋಗುವ ಮೊದಲೇ ಹುಡುಗನ ಕಣ್ಣು ಹೇಗಿರಬೇಕೆಂದು ತೀರ್ಮಾನಿಸಿಕೊಂಡಿದ್ದಿರಿ.

ನೀವು ಪತ್ರದಲ್ಲಿ ಕೇಳಿದ ಪ್ರಶ್ನೆ, ‘ಗದ್ದಲದ ಜಾಗದಲ್ಲಿ ಜನರನ್ನು ಗಮನಿಸುವುದು ಹೇಗೆ’ ಎಂಬುದು. ಅದಕ್ಕೆ ನನ್ನ ಉತ್ತರ ಇಷ್ಟೆ. ಆ ಕೋಣೆಯಲ್ಲಿ ಗಮನಿಸುವ ಕೆಲಸವನ್ನು ನಿಮಗಿಂತ ಮೊದಲೇ, ನಿಮಗಿಂತ ಚೆನ್ನಾಗಿ ಮಾಡುತ್ತಿರುವವನೊಬ್ಬನಿದ್ದಾನೆ. ನೀವು ಸಪ್ಲೈಯರನ್ನು ಕಾಣುವ ಹೊತ್ತಿಗೆ ಅವನು ನಿಮ್ಮನ್ನು ನೋಡಿ ಮುಗಿಸಿರುತ್ತಾನೆ. ಅವನು ಎತ್ತ ನೋಡುತ್ತಾನೆ ಎಂಬುದನ್ನು ಹಿಂಬಾಲಿಸಿ. ಗಿರಾಕಿಗಳು ತಾವಾಗಿಯೇ ಕಾಣಿಸಿಕೊಳ್ಳುತ್ತಾರೆ.

ನಾನು ಕುಳಿತ ಹೋಟೆಲಿನಲ್ಲಿ ಐವತ್ತರ ಆಸುಪಾಸಿನ ಸಪ್ಲೈಯರೊಬ್ಬರಿದ್ದಾರೆ. ಗೋಡೆಬದಿಯ ನಾಲ್ಕು ಮೇಜು, ಹದಿನಾರು ಕುರ್ಚಿ ಅವರ ಪಾಲಿಗೆ. ಬೆಳಗಿನ ಎಂಟರಿಂದ ಒಂಬತ್ತೂವರೆಯವರೆಗೆ ಅವುಗಳಲ್ಲಿ ಒಂದೂ ಖಾಲಿ ಇರುವುದಿಲ್ಲ. ಕೈಯಲ್ಲಿ ಚೀಟಿಯಿಲ್ಲ, ಕಿವಿಯ ಮೇಲೆ ಪೆನ್ನಿಲ್ಲ. ಒಂದು ಸುತ್ತು ಕೇಳಿಕೊಂಡು ಹೋಗಿ ಅಡುಗೆಮನೆಯ ಕಿಂಡಿಯಲ್ಲಿ ‘ಎರಡು ಮಸಾಲೆ, ಒಂದು ಖಾಲಿ, ಒಂದು ಸೆಟ್ಟು, ಇಡ್ಲಿ ವಡೆ ಸಾಂಬಾರ್ ಬೇರೆ’ ಎಂದು ಒಂದೇ ಉಸಿರಿನಲ್ಲಿ ಹೇಳಿ ತಿರುಗುತ್ತಾರೆ. ಎಡ ಅಂಗೈಯಲ್ಲಿ ಒಂದು ತಟ್ಟೆ, ಮಣಿಕಟ್ಟಿನ ಮೇಲೆ ಇನ್ನೊಂದು, ಮೊಣಕೈಯ ಮಡಿಕೆಗೆ ಆತುಕೊಂಡಂತೆ ಮತ್ತೊಂದು. ಮೊದಲು ಇಳಿಯಬೇಕಾದದ್ದು ಮೊಣಕೈಯ ಬಳಿ, ಕೊನೆಗೆ ಇಳಿಯಬೇಕಾದದ್ದು ಅಂಗೈಯಲ್ಲಿ. ಅಂದರೆ ಕಿಂಡಿಯ ಮುಂದೆ ನಿಂತು ತಟ್ಟೆಗಳನ್ನು ಏರಿಸಿಕೊಳ್ಳುವಾಗಲೇ ತಾನು ನಡೆಯಬೇಕಾದ ದಾರಿಯನ್ನು ಅವರು ಹಿಂದುಮುಂದಾಗಿ ಒಮ್ಮೆ ನಡೆದು ಮುಗಿಸಿರುತ್ತಾರೆ. ಬಲಗೈ ಯಾವಾಗಲೂ ಖಾಲಿ. ಅದು ಇಳಿಸುವುದಕ್ಕೆ, ಒರೆಸುವುದಕ್ಕೆ, ಎದ್ದು ನಿಂತ ಮಗುವನ್ನು ದಾರಿಯಿಂದ ಮೆಲ್ಲಗೆ ಸರಿಸುವುದಕ್ಕೆ.

ಇಷ್ಟು ನೆನಪಿನ ಗುಟ್ಟೇನು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ‘ಅಭ್ಯಾಸ ಸಾರ್’ ಎಂಬ ಉತ್ತರ ಬರುತ್ತಿತ್ತು, ಅದರಿಂದ ನನಗೂ ನಿಮಗೂ ಲಾಭವಿರಲಿಲ್ಲ. ಆದರೆ ಎರಡನೆಯ ದಿನ ಒಂದು ತಪ್ಪು ಕಣ್ಣಿಗೆ ಬಿತ್ತು. ಅರಕಲಗೂಡಿನ ಕಡೆಯವರೆಂದು ಮಾತಿನಿಂದ ತಿಳಿದ ಒಬ್ಬ ತಂದೆ ಮತ್ತು ಕಾಲೇಜಿಗೆ ಸೇರಲು ಬಂದ ಮಗ ತಿಂಡಿ ಹೇಳಿದ ಮೇಲೆ ಜಾಗ ಅದಲುಬದಲು ಮಾಡಿಕೊಂಡರು. ತಂದೆಗೆ ಫ್ಯಾನಿನ ಗಾಳಿ ಆಗುತ್ತಿರಲಿಲ್ಲ. ಮಗ ಹೇಳಿದ್ದ ಸೆಟ್ ದೋಸೆ ತಂದೆಯ ಮುಂದೆ ಇಳಿಯಿತು, ತಂದೆಯ ಇಡ್ಲಿ ಮಗನ ಮುಂದೆ. ಆ ಸಪ್ಲೈಯರ್ ಮುಖಗಳನ್ನಲ್ಲ, ಕುರ್ಚಿಗಳನ್ನು ನೆನಪಿಟ್ಟುಕೊಳ್ಳುತ್ತಾರೆ ಎಂದು ನನಗೆ ಆಗ ತಿಳಿಯಿತು. ತಪ್ಪು ಗೊತ್ತಾದ ಕೂಡಲೆ ಅವರು ತಟ್ಟೆ ಬದಲಿಸಲು ಕೈ ಚಾಚಿದರು. ಅಷ್ಟರಲ್ಲಿ ತಂದೆ ‘ಇರ್ಲಿ ಬುಡಿ’ ಎಂದು ತಾನೇ ಎರಡೂ ತಟ್ಟೆಗಳನ್ನು ಸರಿಸಿ, ಮಗನ ದೋಸೆಯ ಮೇಲಿದ್ದ ಬೆಣ್ಣೆ ಜಾರದಂತೆ ತಟ್ಟೆಯನ್ನು ಓರೆ ಮಾಡಿ ಇಟ್ಟರು. ಆ ಓರೆ ಮಾಡಿದ ತಟ್ಟೆಯೊಂದು ನಿಮ್ಮ ಕಥೆಯಲ್ಲಿ ಇದ್ದಿದ್ದರೆ ಮೂರನೆಯ ಪುಟದ ‘ತಂದೆಯ ಮಮತೆ’ ಎಂಬ ಪ್ಯಾರಾವನ್ನು ನೀವು ಬರೆಯಬೇಕಾಗಿಯೇ ಇರಲಿಲ್ಲ.

ಸಪ್ಲೈಯರ್ ಯಾರಿಗೆ ಮೊದಲು ನೀರು ಇಡುತ್ತಾರೆ ಎಂದು ನೋಡಿ. ಬ್ಯಾಗನ್ನು ನೆಲಕ್ಕೆ ಇಳಿಸದೆ ತೊಡೆಯ ಮೇಲೆ ಇಟ್ಟುಕೊಂಡವನಿಗೆ ಬಸ್ಸಿದೆ. ಅವನಿಗೆ ಇಡ್ಲಿ ಮಾತ್ರ ಇದೆ ಎನ್ನುತ್ತಾರೆ, ದೋಸೆ ಇದ್ದರೂ. ಬಸ್ಸಿನ ಡ್ರೈವರ್, ಕಂಡಕ್ಟರ್ ಬಂದರೆ ಕೇಳುವುದೇ ಇಲ್ಲ, ತಂದಿಡುತ್ತಾರೆ. ನ್ಯಾಯಾಲಯದ ಕೆಲಸಕ್ಕೆ ಬಂದವರು ಫೈಲನ್ನು ಮೇಜಿನ ಮೇಲೆ ಇಡುತ್ತಾರೆ, ಸಾಂಬಾರ್ ಚೆಲ್ಲೀತೆಂದು ಮತ್ತೆ ತೆಗೆಯುತ್ತಾರೆ, ಆಮೇಲೆ ಅದರ ಮೇಲೆಯೇ ಕೂರುತ್ತಾರೆ. ಇದನ್ನೆಲ್ಲ ನಾನು ಕಂಡುಹಿಡಿದೆನೆಂದು ಹೇಳಿಕೊಳ್ಳಲಾರೆ. ಅವರ ಕಣ್ಣು ಹೋದ ಕಡೆ ನನ್ನ ಕಣ್ಣು ಹೋಯಿತು, ಅಷ್ಟೆ.

ಇನ್ನು ನಿಮ್ಮ ಹುಡುಗನ ವಯಸ್ಸು. ಹನ್ನೆರಡು ಎಂದು ಬರೆದಿದ್ದೀರಿ, ಕಥೆ ನಡೆಯುವುದು ಈಗ. ನನ್ನ ಹರೆಯದಲ್ಲಿ ಅಂಥ ಹುಡುಗರು ಪ್ರತಿ ಹೋಟೆಲಿನಲ್ಲೂ ಇದ್ದರು. ಮೇಜು ಒರೆಸುವ ಬಟ್ಟೆಗಿಂತ ತುಸು ಎತ್ತರ ಎಂದು ನಾವು ತಮಾಷೆ ಮಾಡುತ್ತಿದ್ದೆವು, ಈಗ ನೆನೆದರೆ ನಾಚಿಕೆಯಾಗುತ್ತದೆ. ಹೋಟೆಲು, ಢಾಬಾಗಳಲ್ಲಿ ಹದಿನಾಲ್ಕು ತುಂಬದವರನ್ನು ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದ ನಿಷೇಧವಿದೆ, 2016ರ ತಿದ್ದುಪಡಿಯ ನಂತರ ಕಾನೂನು ಇನ್ನೂ ಬಿಗಿಯಾಗಿದೆ. ನಿಷೇಧವಾದ ಮಾತ್ರಕ್ಕೆ ಅಂಥ ಹುಡುಗ ಎಲ್ಲೂ ಇಲ್ಲವೆಂದು ನಾನು ವಾದಿಸುತ್ತಿಲ್ಲ. ಇದ್ದರೆ, ಅವನನ್ನು ಬಚ್ಚಿಡುವುದೂ ಇರಬೇಕಲ್ಲವೆ? ಅವನು ಮುಂದಿನ ಕೋಣೆಗೆ ಬರಕೂಡದು, ಯಾರಾದರೂ ವಯಸ್ಸು ಕೇಳಿದರೆ ಹೇಳಬೇಕಾದ ಸುಳ್ಳು ಅವನಿಗೆ ಬಾಯಿಪಾಠವಾಗಿರಬೇಕು, ಅಪರಿಚಿತರು ಪೆನ್ನು ತೆಗೆದರೆ ಗಲ್ಲಾದಲ್ಲಿ ಕುಳಿತ ಯಜಮಾನರ ಕಣ್ಣು ಅತ್ತ ಹೋಗಬೇಕು. ನಿಮ್ಮ ಕಥೆಯಲ್ಲಿ ಅದೊಂದೂ ಇಲ್ಲ; ಹುಡುಗ ಎಲ್ಲರೆದುರು ಹಗಲಲ್ಲಿ ಓಡಾಡುತ್ತಾನೆ. ಅವನು ಹೋಟೆಲಿನಿಂದ ಬಂದವನಲ್ಲ, ನೀವು ಓದಿದ ಹಳೆಯ ಕಥೆಗಳಿಂದ ಬಂದವನು.

ಈಗ ಆ ಬಟ್ಟೆ ಹಿಡಿದವರು ಬೇರೆ. ನಾನು ಕಂಡ ಕ್ಲೀನರ್ ಯುವಕ ಅಸ್ಸಾಮಿನವನು, ಇಪ್ಪತ್ತೆರಡರ ಸುಮಾರು. ಅವನ ಕನ್ನಡ ಒಂದು ವಿಚಿತ್ರ ಕ್ರಮದಲ್ಲಿ ಬೆಳೆದಿದೆ: ಮೊದಲು ತಿಂಡಿಗಳ ಹೆಸರು, ಆಮೇಲೆ ಅಂಕಿಗಳು, ಆಮೇಲೆ ‘ಬೇಕಾ’, ‘ಸಾಕಾ’, ‘ಸ್ವಲ್ಪ ಸರೀರಿ’. ‘ಚಟ್ನಿ ಬೇಕಾ ಸಾರ್’ ಎಂದು ಅವನು ಕೇಳುವುದನ್ನು ಕಣ್ಣು ಮುಚ್ಚಿ ಕೇಳಿದರೆ ಹುಟ್ಟಾ ಹಾಸನದವನೆನ್ನಬೇಕು. ಅದಕ್ಕೆ ಒಬ್ಬ ಮುದುಕರು ‘ಬ್ಯಾಡ ಕಣಪ್ಪ, ನೆನ್ನೆಯಿಂದ ಹೊಟ್ಟೆ ಸರಿ ಇಲ್ಲ’ ಎಂದರು. ‘ಬ್ಯಾಡ’ ಎಂಬಲ್ಲಿಗೆ ಅವನಿಗೆ ಅರ್ಥವಾಗಿತ್ತು, ಉಳಿದದ್ದು ಆಗಲಿಲ್ಲ. ಆದರೆ ಮುದುಕರ ಮುಖ ನೋಡಿ ಒಂದು ಲೋಟ ಬಿಸಿನೀರು ತಂದಿಟ್ಟ. ಈ ಘಟನೆಯನ್ನು ನಾನು ಬಳಸಿಕೊಳ್ಳಬಹುದಿತ್ತು, ನಿಮಗೇ ಬಿಟ್ಟುಕೊಡುತ್ತಿದ್ದೇನೆ. ಒಂದು ಷರತ್ತು, ಬಿಸಿನೀರಿನ ನಂತರ ಮಾನವೀಯತೆಯ ಬಗ್ಗೆ ಒಂದು ವಾಕ್ಯವನ್ನೂ ಸೇರಿಸಕೂಡದು.

ಮಾತಿನ ವಿಷಯಕ್ಕೆ ಬಂದೆ, ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ ನಿಮ್ಮ ಕಥೆ ಹೆಚ್ಚು ಸೋತಿರುವುದು ಇಲ್ಲಿಯೇ. ನಿಮ್ಮ ಗಿರಾಕಿಗಳೆಲ್ಲರೂ ‘ಒಂದು ಕಾಫಿ ಕೊಡಿ’ ಎನ್ನುತ್ತಾರೆ. ಕನ್ನಡದಲ್ಲಿ ಕಾಫಿ ಕೇಳುವ ಒಂದು ಮಾತಿನಲ್ಲೇ ಕೇಳುವವನ ಜಾತಕ ಇರುತ್ತದೆ. ‘ಕೊಡಿ’, ‘ಕೊಡು’, ‘ಕೊಡಪ್ಪ’, ‘ಕೊಡಣ್ಣ’, ‘ಕೊಡೋ ಮರಿ’, ‘ಗುರೂ, ಒಂದು ಸ್ಟ್ರಾಂಗು’; ಬಾಯಿಂದ ಮಾತೇ ಬರದೆ ಬೆರಳೆತ್ತಿ ತೋರಿಸುವವರೂ ಇದ್ದಾರೆ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ತಮಗಿಂತ ಮೂವತ್ತು ವರ್ಷ ದೊಡ್ಡವರನ್ನು ‘ಬಾಸ್’ ಎನ್ನುತ್ತಾರೆ, ಅದರಲ್ಲಿ ಅಗೌರವವಿಲ್ಲ. ದುದ್ದದ ಕಡೆಯಿಂದ ಬಂದ ರೈತರು ಯಜಮಾನರನ್ನೂ ಕ್ಲೀನರನ್ನೂ ಒಂದೇ ಏಕವಚನದಲ್ಲಿ ಮಾತನಾಡಿಸುತ್ತಾರೆ, ಅದರಲ್ಲಿಯೂ ಅಗೌರವವಿಲ್ಲ. ಅವರ ಊರಿನಲ್ಲಿ ಬಹುವಚನ ದೂರದವರಿಗೆ ಸಲ್ಲುವುದು. ಆದರೆ ಇಸ್ತ್ರಿ ಶರಟಿನ ಒಬ್ಬ ಮಹಾಶಯರು ಫೋನಿನಲ್ಲಿ ಯಾರಿಗೋ ‘ಹೌದು ಸಾರ್, ಖಂಡಿತ ಸಾರ್’ ಎನ್ನುತ್ತಲೇ ಅದನ್ನು ಅಂಗೈಯಿಂದ ಮುಚ್ಚಿ ಸಪ್ಲೈಯರಿಗೆ ‘ಏಯ್, ನೀರು ತಾರೋ’ ಎಂದಾಗ ಅದೇ ಏಕವಚನ ಬೇರೆಯೇ ಪದಾರ್ಥವಾಯಿತು. ಎರಡು ಏಕವಚನಗಳನ್ನು ಕಾಗದದ ಮೇಲೆ ಬೇರ್ಪಡಿಸುವುದು ಹೇಗೆ? ‘ತಿರಸ್ಕಾರದಿಂದ ಹೇಳಿದ’ ಎಂದು ಬರೆದರೆ ಸುಲಭ, ಆದರೆ ಅದು ನಿಮ್ಮ ತೀರ್ಪು. ನಂತರ ನಡೆದದ್ದನ್ನು ಬರೆಯಿರಿ. ರೈತನಿಗೆ ಸಪ್ಲೈಯರ್ ‘ತತ್ತೀನಿ ಇರಣ್ಣ, ರೆಕ್ಕೆ ಇಲ್ಲ ನಂಗೆ’ ಎಂದರು. ಇಸ್ತ್ರಿ ಶರಟಿನವರಿಗೆ ‘ಆಯ್ತು ಸಾರ್’ ಎಂದು ತಕ್ಷಣ ನೀರು ತಂದಿಟ್ಟರು. ಲೋಟವನ್ನು ಅಂಚಿನವರೆಗೆ ತುಂಬಿದ್ದರು, ಚೆಲ್ಲದೆ ಎತ್ತಲು ಸಾಧ್ಯವಿರಲಿಲ್ಲ. ಅದು ಬೇಕೆಂದೇ ಮಾಡಿದ್ದೋ ಅಲ್ಲವೋ ನಾನು ಹೇಳಲಾರೆ, ಹೇಳಬೇಕಾಗಿಯೂ ಇಲ್ಲ.

ಅಡುಗೆಮನೆಗೆ ಒಂದು ಹೆಜ್ಜೆ ಇಡದೆ ಹೋಟೆಲಿನ ಕಥೆ ಬರೆಯುವುದು ಗದ್ದೆಗಿಳಿಯದೆ ಬೇಸಾಯದ ಪಾಠ ಹೇಳಿದಂತೆ. ಒಳಗೆ ಬಿಡದಿದ್ದರೆ ಕಿಂಡಿಯಿಂದಲಾದರೂ ನೋಡಿ. ದೋಸೆ ಹಾಕುವವರು ಕಾವಲಿಯ ಮೇಲೆ ಒಂದು ಕೈ ನೀರು ಚಿಮುಕಿಸಿ ಪೊರಕೆಕಡ್ಡಿಯ ಕಟ್ಟಿನಿಂದ ಗುಡಿಸುತ್ತಾರೆ. ಶುಚಿಗಾಗಿ ಎಂದು ತಿಳಿದರೆ ಅರ್ಧ ಸರಿ. ಕಾವು ಮೀರಿದ ಕಾವಲಿಯ ಮೇಲೆ ಹಿಟ್ಟು ಬಿದ್ದೊಡನೆ ಗಟ್ಟಿಯಾಗಿ ಸೌಟಿನ ತಳಕ್ಕೆ ಅಂಟಿಕೊಂಡು ಬರುತ್ತದೆ, ಹರಡುವುದಿಲ್ಲ. ಆದ್ದರಿಂದ ನೀರಿನಿಂದ ಒಂದು ಗಳಿಗೆ ಕಾವಿಳಿಸಿ, ಆ ಗಳಿಗೆಯಲ್ಲೇ ಹಿಟ್ಟನ್ನು ಸುತ್ತಿ, ಮತ್ತೆ ಕಾವೇರುವವರೆಗೆ ಕಾಯುತ್ತಾರೆ. ನಾನು ನೋಡಿದ ಭಟ್ಟರು ನೀರು ಚಿಮುಕಿಸುವಾಗ ಕಾವಲಿಯನ್ನು ನೋಡುತ್ತಲೇ ಇರಲಿಲ್ಲ, ಪಕ್ಕದವನೊಂದಿಗೆ ಊರಿನ ಜಮೀನಿನ ವ್ಯಾಜ್ಯದ ಮಾತು ನಡೆದಿತ್ತು. ನೀರು ಬಿದ್ದ ಸದ್ದು ಕೇಳುತ್ತಿದ್ದರು. ಸದ್ದು ತುಸು ಮಂದವಾದಾಗ ಮಾತನ್ನು ಅರ್ಧಕ್ಕೆ ನಿಲ್ಲಿಸಿ ಬರ್ನರಿನ ಕಿವಿ ತಿರುಗಿಸಿ, ನಿಲ್ಲಿಸಿದ ಪದದಿಂದಲೇ ಮಾತು ಮುಂದುವರಿಸಿದರು. ಮಳೆ ಹಿಡಿದ ದಿನಗಳಲ್ಲಿ ನಮ್ಮ ಊರಿನ ಚಳಿಗೆ ಹಿಟ್ಟು ಬೇಗ ಹುಳಿ ಬರುವುದಿಲ್ಲ. ಜುಲೈ ತಿಂಗಳಲ್ಲಿ ರುಬ್ಬುವ ಹೊತ್ತು ಹಿಂದಕ್ಕೆ ಸರಿಯುತ್ತದೆ, ಪಾತ್ರೆ ಒಲೆಯ ಹತ್ತಿರಕ್ಕೆ ಸರಿಯುತ್ತದೆ. ನಿಮ್ಮ ಕಥೆ ಮಳೆಗಾಲದಲ್ಲಿ ನಡೆಯುತ್ತದೆ, ಆದರೆ ಮಳೆ ನಿಮ್ಮ ಬಕೆಟ್ಟಿನ ಕೊಡೆಗಳಲ್ಲೇ ನಿಂತುಬಿಟ್ಟಿದೆ, ಹಿಟ್ಟಿನವರೆಗೆ ಬಂದಿಲ್ಲ.

ಬೇಲೂರು ಹಳೇಬೀಡಿನ ಶಿಲ್ಪಿಗಳ ಉದಾಹರಣೆ ಕೊಡುವ ಚಪಲ ಹಾಸನದಲ್ಲಿ ಕುಳಿತು ಬರೆಯುವ ಪ್ರತಿಯೊಬ್ಬನಿಗೂ ಇರುತ್ತದೆ. ನಾನು ಅದನ್ನು ಈ ಪತ್ರದಲ್ಲಿ ತಡೆದುಕೊಳ್ಳುತ್ತೇನೆ. ಕಲ್ಲು ಒಂದೇ ಕಡೆ ನಿಲ್ಲುತ್ತದೆ, ಹೋಟೆಲಿನ ಗಿರಾಕಿ ಹನ್ನೆರಡು ನಿಮಿಷದಲ್ಲಿ ಎದ್ದು ಹೋಗುತ್ತಾನೆ.

ಊರಿನ ಋತು ಹೋಟೆಲಿನೊಳಗೆ ಹೇಗೆ ಬರುತ್ತದೆ ಎಂಬುದಕ್ಕೆ ಇನ್ನೊಂದು ದಾರಿ ಹೇಳುತ್ತೇನೆ. ಮುಂಗಾರಿನ ಮೊದಲು ಎಪಿಎಂಸಿ ಯಾರ್ಡಿಗೆ ಜಲಂಧರದಿಂದ ಬಿತ್ತನೆ ಆಲೂಗಡ್ಡೆ ಬರುತ್ತದೆ. ಮೂಟೆಗಾಗಿ ಬೆಳಗಾಗುವ ಮೊದಲೇ ಬಂದ ರೈತರು ಆಮೇಲೆ ತಿಂಡಿಗೆ ಬರುತ್ತಾರೆ. ಅಂಗಮಾರಿ ರೋಗದಿಂದ ಬೆಳೆ ಸುಟ್ಟು ಹೋಗಿ ಎಷ್ಟೋ ಮಂದಿ ಆಲೂಗಡ್ಡೆಯನ್ನು ಬಿಟ್ಟು ಮುಸುಕಿನ ಜೋಳದ ಕಡೆ ತಿರುಗಿದ್ದಾರೆ, ಆದರೂ ಬಿಡಲಾರದವರು ಇದ್ದಾರೆ. ಅಂಥ ಒಬ್ಬರು ಮಸಾಲೆ ದೋಸೆ ಬಂದ ಕೂಡಲೆ ಅದನ್ನು ಮುರಿಯಲಿಲ್ಲ, ಅಂಚನ್ನು ಎತ್ತಿ ಒಳಗಿನ ಪಲ್ಯವನ್ನು ಬೆರಳಿನಿಂದ ಒತ್ತಿ ನೋಡಿ, ‘ಇದು ನಮ್ ಕಡೇದಲ್ಲ, ಆಗ್ರಾದ್ದು’ ಎಂದರು. ಎದುರಿನವರು ‘ತಿನ್ನು ಮಾರಾಯ, ಬಿಲ್ಲು ಇಲ್ಲೀದೇಯ’ ಎಂದರು. ನೂರು ರೂಪಾಯಿ ಒಳಗಿನ ಒಂದು ದೋಸೆಯಲ್ಲಿ ಜಿಲ್ಲೆಯ ಬೇಸಾಯದ ಕಥೆ ಮಡಚಿಕೊಂಡು ಕೂತಿರುತ್ತದೆ. ಆದರೆ ಅದನ್ನು ಬಿಡಿಸಿದ್ದು ರೈತನ ಬೆರಳು, ನನ್ನ ಜಾಣತನವಲ್ಲ.

ಹಾಗೆಯೇ ಯಾರು ಕಾಣುತ್ತಿಲ್ಲ ಎಂದೂ ನೋಡುತ್ತಿರಿ. ನಾನು ಚಿಕ್ಕವನಾಗಿದ್ದಾಗ ಹೆಂಗಸರು ಒಬ್ಬರೇ ಬಂದು ಈ ಮೇಜುಗಳಲ್ಲಿ ಕೂರುತ್ತಿರಲಿಲ್ಲ. ‘ಫ್ಯಾಮಿಲಿ ರೂಂ’ ಎಂಬ ಫಲಕದ ಹಿಂದೆ, ಪರದೆಯ ಒಳಗೆ ಗಂಡಂದಿರ ಜೊತೆ ಕೂರುತ್ತಿದ್ದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಇಬ್ಬರು ಮೂವರು ಗೆಳತಿಯರು ಚೀಲ ಹಿಡಿದು ಬಂದು ನಡುವಿನ ಮೇಜಿನಲ್ಲೇ ಕೂರುವುದನ್ನು ನಾನು ಮೊದಲಿಗಿಂತ ಹೆಚ್ಚಾಗಿ ಕಾಣುತ್ತಿದ್ದೇನೆ. ಮೊದಲ ಸಲ ಬಂದವರು ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ಬೆನ್ನು ಒರಗಿಸುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡಿ. ಹಳ್ಳಿಯ ಹೋಟೆಲುಗಳಲ್ಲಿ ಕೆಲವರಿಗೆ ಒಳಗೆ ಕೂರುವ ಹಕ್ಕೇ ಇರಲಿಲ್ಲ. ಚಪ್ಪರದ ಗಳಕ್ಕೆ ಸಿಕ್ಕಿಸಿದ ಬೇರೆ ಲೋಟ, ಕುಡಿದ ಮೇಲೆ ತಾವೇ ತೊಳೆದಿಡಬೇಕು. ಅಂಥದ್ದು ಅಪರಾಧ ಎಂದು 1955ರಲ್ಲೇ ಕಾಯಿದೆಯಾಗಿದ್ದರೂ ಆ ಲೋಟ ಸಿಕ್ಕಿಸಿದ್ದನ್ನು ಅದರ ಎಷ್ಟೋ ವರ್ಷಗಳ ನಂತರ ನಾನು ಕಣ್ಣಾರೆ ಕಂಡಿದ್ದೇನೆ, ಆಗ ಅದರ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಹೋಟೆಲೆಂದರೆ ಎಲ್ಲರೂ ಕಲೆಯುವ ಜಾಗ ಎಂದು ನಿಮ್ಮ ಕಥೆಯ ಮೊದಲ ಸಾಲಿದೆ. ಆ ಸಾಲನ್ನು ತೆಗೆಯಿರಿ.

ನಿಮ್ಮ ಟಿಪ್ಪಣಿ ಪುಸ್ತಕದ ವಿಷಯ. ಅದನ್ನು ಮೇಜಿನ ಮೇಲೆ ತೆರೆಯಬೇಡಿ. ಒಮ್ಮೆ ನಾನು ಹಾಗೆ ಬರೆದುಕೊಳ್ಳುತ್ತಿದ್ದಾಗ ಯಜಮಾನರು ಗಲ್ಲಾ ಬಿಟ್ಟು ಎದ್ದು ಬಂದು ‘ಸಾರ್ ಯಾವ ಡಿಪಾರ್ಟ್‌ಮೆಂಟು’ ಎಂದು ವಿಚಾರಿಸಿದರು. ನಾನು ಕಥೆಗಾರನೆಂದರೆ ನಂಬಲಿಲ್ಲ, ಆ ದಿನದ ದೋಸೆಗೆ ತುಪ್ಪ ಮಾತ್ರ ಧಾರಾಳವಾಗಿತ್ತು. ಕುಳಿತು ನೋಡಿ, ಹೊರಗೆ ಬಂದು ಬರೆಯಿರಿ. ಹೊರಗೆ ಬರುವಷ್ಟರಲ್ಲಿ ಮರೆತದ್ದು ಮರೆಯಲಿ. ಎಂಟೂವರೆಯ ನೂಕುನುಗ್ಗಲಲ್ಲಿ ಖಾಲಿ ಲೋಟ ಹಿಡಿದು ಕೂರುವುದು ಇನ್ನೊಂದು ತಪ್ಪು. ಆ ಹೊತ್ತಿನಲ್ಲಿ ಕುರ್ಚಿಯೊಂದು ಖಾಲಿಯಾಗುವುದನ್ನು ಕಾಯುತ್ತ ನಿಮ್ಮ ಬೆನ್ನ ಹಿಂದೆ ನಿಂತವರಿರುತ್ತಾರೆ, ಅವರ ಕಣ್ಣು ನಿಮ್ಮ ತಟ್ಟೆಯಲ್ಲಿ ಉಳಿದ ಇಡ್ಲಿಯ ಗಾತ್ರವನ್ನು ಅಳೆಯುತ್ತಿರುತ್ತದೆ. ಎದ್ದು ಜಾಗ ಬಿಡಿ, ನಿಮಗೂ ಅವರಂತೆ ನಿಲ್ಲುವ ಅಭ್ಯಾಸವಾಗಲಿ. ನಿಂತವನಿಗೆ ಕಾಣುವ ಹೋಟೆಲು ಬೇರೆ.

ಮತ್ತೆ ಹನ್ನೊಂದು ಗಂಟೆಗೆ ಹೋಗಿ. ಬೆಳಗಿನ ತಿಂಡಿ ಮುಗಿದು ಮಧ್ಯಾಹ್ನದ ಊಟ ಶುರುವಾಗುವ ಮೊದಲಿನ ಆ ಅರ್ಧ ಗಂಟೆಯಲ್ಲಿ ಹೋಟೆಲು ತನ್ನ ಸ್ವಂತ ಮುಖ ತೋರಿಸುತ್ತದೆ. ಕೆಲಸದವರು ಆಗ ತಿನ್ನುತ್ತಾರೆ, ಹೆಚ್ಚಾಗಿ ತಾವು ಬಡಿಸಿದ್ದನ್ನಲ್ಲ. ನಾನು ಕಂಡ ದಿನ ಅನ್ನ, ಹಸಿಮೆಣಸಿನ ಗೊಜ್ಜು, ಹಿಂದಿನ ರಾತ್ರಿಯ ಹುರುಳಿಸಾರು. ಬೆಳಗಿನಿಂದ ನಿಂತೇ ಇದ್ದ ಸಪ್ಲೈಯರ್ ಆಗಲೂ ಕುಳಿತುಕೊಳ್ಳಲಿಲ್ಲ, ಗೋಡೆಗೆ ಒಂದು ಕಾಲು ಕೊಟ್ಟು ನಿಂತೇ ತಿಂದರು. ‘ಕೂತ್ರೆ ಎದ್ದೇಳಕ್ಕಾಗಲ್ಲ ಸಾರ್’ ಎಂದು ನಾನು ಕೇಳದೆಯೇ ಹೇಳಿದರು. ದಣಿವೆಂದರೆ ಅದು. ಕಣ್ಣಿನಲ್ಲಿ ಅದರ ಗುರುತೇ ಇರಲಿಲ್ಲ.

ಇಷ್ಟೆಲ್ಲ ಉಪದೇಶ ಮಾಡುವವನು ಮಾಡಿದ ಒಂದು ತಪ್ಪನ್ನೂ ನೀವು ತಿಳಿದಿರಬೇಕು. ಮೂವತ್ತು ವರ್ಷಗಳ ಹಿಂದೆ, ಈಗ ಮುಚ್ಚಿಹೋಗಿರುವ ಒಂದು ಹೋಟೆಲಿಗೆ ನಾನು ದಿನವೂ ಹೋಗುತ್ತಿದ್ದೆ. ಅಲ್ಲಿಯ ಸಪ್ಲೈಯರ್ ಒಬ್ಬ ವಯಸ್ಸಾದ ನಿವೃತ್ತ ಗುಮಾಸ್ತರಿಗೆ ಪ್ರತಿ ಬೆಳಿಗ್ಗೆ ಒಂದು ಕಾಫಿ ಇಡುತ್ತಿದ್ದ, ಬಿಲ್ಲು ಬರೆಯುತ್ತಿರಲಿಲ್ಲ. ಗುಮಾಸ್ತರು ಕುಡಿದು, ಲೋಟವನ್ನು ಬಟ್ಟಲಿನಲ್ಲಿ ಬೋರಲು ಹಾಕಿ, ಏನೂ ಹೇಳದೆ ಎದ್ದು ಹೋಗುತ್ತಿದ್ದರು. ಅವರಿಬ್ಬರ ನಡುವೆ ಏನಿತ್ತೋ ನನಗೆ ಈಗಲೂ ತಿಳಿಯದು. ನಾನು ಅದನ್ನು ಒಂದು ಲೇಖನವಾಗಿ ಬರೆದೆ, ಹೆಸರು ಹಾಕಲಿಲ್ಲ, ಆದರೆ ಬೋರಲು ಹಾಕಿದ ಲೋಟವನ್ನು ಹಾಗೆಯೇ ಬರೆದೆ, ಅದು ಬಹಳ ಚೆನ್ನಾಗಿ ಬಂದಿದೆ ಎಂದು ನನಗೆ ಹೆಮ್ಮೆಯಿತ್ತು. ಪತ್ರಿಕೆ ಹೋಟೆಲಿನ ಮೇಜಿನ ಮೇಲೆಯೇ ದಿನವೂ ಬಿದ್ದಿರುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಯಜಮಾನರು ಓದಿದರು. ಮರುದಿನದಿಂದ ಆ ಕಾಫಿ ನಿಂತಿತು, ಒಂದು ವಾರದಲ್ಲಿ ಗುಮಾಸ್ತರು ಬರುವುದೂ ನಿಂತಿತು. ಸಪ್ಲೈಯರ್ ನನಗೆ ಒಂದು ಮಾತೂ ಆಡಲಿಲ್ಲ. ನಾನು ಹೇಳಿದ್ದನ್ನು ಹೇಳಿದ ಹಾಗೆ ತಂದಿಡುತ್ತಿದ್ದ. ಮೊದಲು ಕೇಳುವ ಮುಂಚೆ ಬರುತ್ತಿದ್ದ ನೀರು ಆಮೇಲೆ ಕೇಳಿದ ಮೇಲೆ ಬರತೊಡಗಿತು. ಎರಡು ತಿಂಗಳು ಹಾಗೆ ಕುಡಿದು ನಾನು ಹೋಟೆಲು ಬದಲಿಸಿದೆ.

ಅಂದಿನಿಂದ ಗುರುತು ಸಿಗುವಂಥ ಒಂದು ವಿವರ ಎಷ್ಟೇ ಚೆಂದವಿದ್ದರೂ ಅದು ಯಾರ ಅನ್ನಕ್ಕೆ ಕೈ ಹಾಕುತ್ತದೆ ಎಂದು ನೋಡಿ ಬರೆಯುತ್ತೇನೆ. ಲೋಟವನ್ನು ಬೇರೆ ಊರಿಗೆ ಒಯ್ಯಬಹುದಿತ್ತು, ಕಾಫಿಯನ್ನು ಇಡ್ಲಿ ಮಾಡಬಹುದಿತ್ತು, ಹತ್ತು ವರ್ಷ ಕಾಯಬಹುದಿತ್ತು. ಈ ಪತ್ರದಲ್ಲಿಯೂ ನಾನು ಎರಡು ವಿವರಗಳನ್ನು ಬದಲಿಸಿದ್ದೇನೆ, ಯಾವುವೆಂದು ಹೇಳುವುದಿಲ್ಲ.

ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಅಲ್ಲಿಂದ ಬಲಿಪಾಡ್ಯಮಿ ಕಳೆದು ಬಾಗಿಲು ಮುಚ್ಚುವವರೆಗೆ ಊರಿಗೆ ಲಕ್ಷಗಟ್ಟಲೆ ಜನ ಬರುತ್ತಾರೆ, ಸಾಲಿನಲ್ಲಿ ಗಂಟೆಗಟ್ಟಲೆ ನಿಂತವರು ಹಸಿದು ಹೋಟೆಲಿಗೆ ನುಗ್ಗುತ್ತಾರೆ, ಕುರ್ಚಿಯ ಲೆಕ್ಕ ಕೆಡುತ್ತದೆ, ನಾಲ್ವರು ಕೂರುವ ಮೇಜಿಗೆ ಆರು ಮಂದಿ, ನಮ್ಮ ಸಪ್ಲೈಯರ್ ನೆನಪಿಟ್ಟುಕೊಳ್ಳುವ ಕ್ರಮವೇ ಆ ದಿನಗಳಲ್ಲಿ ನಡೆಯುವುದಿಲ್ಲ. ಆಗ ಅವರು ಏನು ಮಾಡುತ್ತಾರೆಂದು ನನಗೆ ಕುತೂಹಲವಿದೆ. ಸಾಧ್ಯವಾದರೆ ಆ ದಿನಗಳಲ್ಲಿ ಒಂದು ಬೆಳಿಗ್ಗೆ ಹೋಗಿ ನಿಂತು ನೋಡಿ ನನಗೆ ಬರೆಯಿರಿ. ನನ್ನ ಕಣ್ಣಿಗೆ ವೈದ್ಯರು ಧೂಳು, ನೂಕುನುಗ್ಗಲು ಎರಡನ್ನೂ ಬೇಡವೆಂದಿದ್ದಾರೆ.

ನಿಮ್ಮ ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಕೊನೆಯಲ್ಲಿ ಹುಡುಗ ಊರನ್ನು ನೆನೆದು ಅಳುವ ಭಾಗಕ್ಕೆ ಅಡ್ಡಗೆರೆ ಎಳೆದಿದ್ದೇನೆ, ಕೋಪಿಸಿಕೊಳ್ಳಬೇಡಿ. ಏಳನೆಯ ಪುಟದ ಅಂಚಿನಲ್ಲಿ ಒಂದು ಪ್ರಶ್ನೆ ಇದೆ: ಅಲ್ಲಿ ಬರುವ ಇಬ್ಬರು ನಿವೃತ್ತ ಮೇಷ್ಟರು ಬೈಟು ಕಾಫಿ ಹೇಳುತ್ತಾರೆ ಎಂದಿದ್ದೀರಿ. ಎರಡು ಲೋಟಗಳಲ್ಲಿ ತುಸು ಹೆಚ್ಚು ತುಂಬಿದ ಲೋಟವನ್ನು ಯಾರು ಯಾರ ಕಡೆಗೆ ಸರಿಸಿದರು, ಹಣ ಯಾರು ಕೊಟ್ಟರು, ಹಿಂದಿನ ದಿನ ಯಾರು ಕೊಟ್ಟಿದ್ದರು? ಅದು ಗೊತ್ತಾದರೆ ಆ ಇಬ್ಬರ ನಲವತ್ತು ವರ್ಷದ ಗೆಳೆತನದ ಬಗ್ಗೆ ನೀವು ಬರೆದಿರುವ ಒಂದೂವರೆ ಪುಟ ಉಳಿಯುತ್ತದೆಯೋ ಹೋಗುತ್ತದೆಯೋ ನೋಡೋಣ.

ಬರುವ ಶನಿವಾರ ಹನ್ನೊಂದು ಗಂಟೆಗೆ ನಾನು ಅದೇ ಹೋಟೆಲಿನಲ್ಲಿ ಗೋಡೆಬದಿಯ ಎರಡನೆಯ ಮೇಜಿನಲ್ಲಿ ಇರುತ್ತೇನೆ. ಬಿಡುವಿದ್ದರೆ ಬನ್ನಿ. ಬೈಟು ಹೇಳೋಣ, ಹಣ ಈ ಸಲ ನನ್ನದು.

ನಿಮ್ಮ ವಿಶ್ವಾಸದ,
ಹಳೆಯ ಗಿರಾಕಿ